ಗಂಡನನ್ನು ಅಣ್ಣ ಎನ್ನುವ ದೇಶದಲ್ಲಿ

ಕೊಳ್ಳೇಗಾಲ

ನಾನು ಹನೂರಿನವಳು. ನನ್ನ ಗಂಡ ರಂಗಸ್ವಾಮಿ ಯಳಂದೂರಿನವರು. ಇಬ್ಬರಿಗೂ ನಡುವೆ ಸಿಕ್ಕ ಊರು ಕೊಳ್ಳೇಗಾಲ, ಅಲ್ಲಿ ಮನೆ ಮಾಡಿದ್ದೇವೆ. ಮದುವೆಯಾಗಿ ಇನ್ನೂ ಒಂದು ಯುಗಾದಿ ಕಂಡಿಲ್ಲ. ಹಾಗೆಂದ ತಕ್ಷಣ ಹರೆಯದ ಜೋಡಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ನನಗೆ ಓದಲು ಕನ್ನಡಕ ಬೇಕು, ಅವರಿಗೆ ಮೆಟ್ಟಿಲು ಹತ್ತಲು ಕಂಬಿ ಬೇಕು.

ನಾನು ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಮೊದಲ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ರಂಗಸ್ವಾಮಿಯದು ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ನಮ್ಮ ನರ್ಸಿಂಗ್ ಹೋಮಿನ ಬೋರ್‌ವೆಲ್ ಮೋಟಾರು ನೋಡಲು ಬಂದವರು, ಆಮೇಲೆ ಮೋಟಾರು ಸರಿಯಿದ್ದಾಗಲೂ ಬರತೊಡಗಿದರು. ಬಂದಾಗಲೆಲ್ಲ "ಸಿಸ್ಟ್ರೇ, ನೀರು ಸರ್ಯಾಗ್ ಬತ್ತಾ ಅದ?" ಎಂದು ಕೇಳುತ್ತಿದ್ದರು. ಬರುತ್ತಿದೆ ಎಂದರೂ ಹೋಗುತ್ತಿರಲಿಲ್ಲ. ಅವರ ಹೆಂಡತಿ ತೀರಿಕೊಂಡಿದ್ದರು. ಕಡೆಗೆ ನಾನೇ ಕೇಳಿ ವಿಷಯ ಇತ್ಯರ್ಥ ಮಾಡಿದೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದೆವು. ಮದುವೆಯಾದ ಮೇಲೂ ಅವರು ನನ್ನನ್ನು ಸಿಸ್ಟ್ರೇ ಎಂದೇ ಕರೆಯುತ್ತಾರೆ. ನಾಲಿಗೆಗೆ ಅಭ್ಯಾಸವಾಗಿಬಿಟ್ಟಿದೆಯಂತೆ. ಸಂತೆಯಲ್ಲಿ "ಸಿಸ್ಟ್ರೇ, ಬದನೆಕಾಯಿ ತಕಳನ?" ಎಂದಾಗ ಜನ ತಿರುಗಿ ನೋಡುತ್ತಾರೆ.

ಅವರಿಗೆ ಒಬ್ಬಳೇ ಮಗಳು, ರಮ್ಯಾ. ನಂಜನಗೂಡಿಗೆ ಕೊಟ್ಟಿದೆ. ಮದುವೆ ವಿಷಯ ತಿಳಿದ ದಿನ "ನಮ್ಮವ್ವನ ಜಾಗಕ್ಕೆ ಯಾರ್ನೂ ನಾನು ಕರಿಯದಿಲ್ಲ" ಎಂದು ಫೋನಿಟ್ಟವಳು ಮತ್ತೆ ಅಪ್ಪನ ಜೊತೆ ಮಾತಾಡಿರಲಿಲ್ಲ. ನನ್ನ ಜೊತೆ ಮೊದಲೂ ಮಾತಾಡಿರಲಿಲ್ಲ, ಹಾಗಾಗಿ ನನ್ನ ಮಟ್ಟಿಗೆ ಬದಲಾವಣೆಯೇನೂ ಇರಲಿಲ್ಲ.

ಸಮುದ್ರ ನೋಡಬೇಕು ಎಂದು ಹಟ ಹಿಡಿದವಳು ನಾನು. ಹಿಂದೊಮ್ಮೆ ಮೊದಲ ಗಂಡನ ತಾಯಿಯ ಜೊತೆ ರಾಮೇಶ್ವರಕ್ಕೆ ಹೋಗಿದ್ದೆ. ಅಲ್ಲಿ ಅವರ ಒದ್ದೆ ಸೀರೆ ಹಿಂಡುವುದರಲ್ಲೇ ಹೊತ್ತು ಕಳೆದು, ಸಮುದ್ರದ ಕಡೆ ಬೆನ್ನು ಹಾಕಿಕೊಂಡೇ ವಾಪಸು ಬಂದಿದ್ದೆ. ಮೈಸೂರಿನ ಟ್ರಾವೆಲ್ಸ್ ಹುಡುಗಿ ವಿಯೆಟ್ನಾಂ ಚೆನ್ನಾಗಿದೆ ಎಂದಳು. ಮದುವೆಯಾಗಿ ಎಷ್ಟು ದಿನವಾಯಿತು ಎಂದು ಕೇಳಿದಳು. ರಂಗಸ್ವಾಮಿ ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. ಅವಳು ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಏನು ಒತ್ತಿದ್ದಳು ಎಂಬುದು ಆಮೇಲೆ ತಿಳಿಯಿತು.

ಹನೂರಿನಲ್ಲಿ ನನ್ನ ಅತ್ತಿಗೆಗೆ ಹೇಳಿದಾಗ ಅವರು ಕಡ್ಡಿ ಮುರಿದಂತೆ ಅಂದರು: "ನಮ್ ವಯಸ್ನೋರು ಮಾದಪ್ಪನ ಬೆಟ್ಟಕ್ ಓಯ್ತರೆ ಕಣವ್ವ. ಸಮುದ್ರಕ್ ಯಾರ್ ಓದರು?"

"ಬೆಟ್ಟದಲ್ಲಿ ಎಲ್ಲಾರೂ ಗುರುತಿನೋರೇ ಸಿಕ್ತರೆ ಅತ್ತಿಗೆ" ಎಂದೆ.

ದನಾಂಗ್

ವಿಮಾನ ಹತ್ತಿದ್ದು ಶನಿವಾರ. ಬಿಳಿಗಿರಿರಂಗನ ಒಕ್ಕಲಾದ ನನ್ನ ಗಂಡ ಶನಿವಾರ ಮಾಂಸ ಮುಟ್ಟುವುದಿಲ್ಲ. ಮಾದಪ್ಪನ ಒಕ್ಕಲಾದ ನಾನು ಸೋಮವಾರ ಮುಟ್ಟುವುದಿಲ್ಲ. ಮದುವೆಯಾದ ಮೇಲೆ ಮನೆಯಲ್ಲಿ ಎರಡು ದಿನವೂ ಸೊಪ್ಪುಸಾರು. ಎರಡು ದೇವರನ್ನು ಒಂದೇ ಅಡುಗೆಮನೆಗೆ ತಂದರೆ ನಷ್ಟವಾಗುವುದು ಕೋಳಿ ಅಂಗಡಿಯವನಿಗೆ.

ದನಾಂಗಿನ ಹೋಟೆಲಿನಲ್ಲಿ ಕೋಣೆಯ ಬಾಗಿಲು ತೆಗೆದಾಗ ಟ್ರಾವೆಲ್ಸ್ ಹುಡುಗಿ ಒತ್ತಿದ್ದೇನು ಎಂಬುದು ಗೊತ್ತಾಯಿತು. ಮಂಚದ ತುಂಬ ಕೆಂಪು ಗುಲಾಬಿ ದಳ. ನಡುವೆ ಟವೆಲಿನಲ್ಲಿ ಮಡಚಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿವೆ. ಹಂಸಗಳ ಮುಂದೆ ಒಂದು ಕೇಕು. ಕೇಕಿನ ಮೇಲೆ ನನ್ನ ಹೆಸರಿನ ಅಕ್ಷರಗಳೆಲ್ಲ ಇದ್ದವು, ನನ್ನ ಹೆಸರು ಮಾತ್ರ ಆಗಿರಲಿಲ್ಲ. ನಮ್ಮ ಚೀಲ ತಂದ ಹೋಟೆಲ್ ನೌಕರ, ಮಧುಮಗ ಮಧುಮಗಳು ಹಿಂದೆ ಬರುತ್ತಿರಬೇಕು ಎಂದುಕೊಂಡು ಬಾಗಿಲಲ್ಲೇ ಕಾಯುತ್ತಾ ನಿಂತ. ನಾವು ಬಾಗಿಲು ಹಾಕಿಕೊಂಡೆವು.

ರಂಗಸ್ವಾಮಿ ಬಹಳ ಹೊತ್ತು ಮಂಚ ನೋಡಿದರು. "ಸಿಸ್ಟ್ರೇ, ಮಲ್ಗೋದೆಲ್ಲಿ?"

ಹಂಸ ಬಿಚ್ಚಿ ಮೈ ಒರೆಸಿಕೊಳ್ಳಿ ಎಂದೆ. ಅವರಿಗೆ ಮನಸ್ಸು ಬರಲಿಲ್ಲ. "ಪಾಪ, ಯಾರೋ ಕಷ್ಟ ಬಿದ್ದು ಮಾಡವ್ರೆ" ಎಂದು ಹಂಸಗಳನ್ನು ಎರಡು ಕೈಯಲ್ಲಿ ಎತ್ತಿ ಫ್ರಿಜ್ಜಿನ ಮೇಲೆ ಕೂರಿಸಿ, ಕೊಳ್ಳೇಗಾಲದಿಂದ ತಂದ ತಮ್ಮ ಪಂಚೆಯಲ್ಲೇ ಒರೆಸಿಕೊಂಡರು. ಮರುದಿನ ಕೋಣೆ ಗುಡಿಸುವವರು ಬಂದು, ಇವರಿಗೆ ಹಂಸ ಇಷ್ಟವೆಂದು ತಿಳಿದು, ಇನ್ನೆರಡು ಮಾಡಿಟ್ಟರು. ಊರು ಬಿಡುವ ಹೊತ್ತಿಗೆ ಫ್ರಿಜ್ಜಿನ ಮೇಲೆ ಜಾಗವಿರಲಿಲ್ಲ.

ಆ ಊರಿನ ರಸ್ತೆ ದಾಟುವುದನ್ನು ಯಾರಾದರೂ ಕಲಿಸಿಕೊಡಬೇಕು. ಸ್ಕೂಟರುಗಳು ಗೆದ್ದಲಿನ ಹಾಗೆ ಬರುತ್ತವೆ, ಯಾವುದೂ ನಿಲ್ಲುವುದಿಲ್ಲ. ನಮ್ಮಲ್ಲಿ ಓಡಿ ದಾಟುತ್ತೇವೆ. ಇಲ್ಲಿ ಓಡಿದರೆ ಕೆಟ್ಟಿರಿ. ಒಂದೇ ಸಮನೆ, ನಿಧಾನಕ್ಕೆ, ಯಾರ ಮುಖವನ್ನೂ ನೋಡದೆ ನಡೆದುಬಿಡಬೇಕು, ಅವರೇ ಸುತ್ತು ಹಾಕಿಕೊಂಡು ಹೋಗುತ್ತಾರೆ. ನಮ್ಮ ಪಕ್ಕದಲ್ಲಿ ಒಬ್ಬ ಅಜ್ಜಿ ಸೊಪ್ಪಿನ ಚೀಲ ಹಿಡಿದು ಹಾಗೆಯೇ ದಾಟಿ ಹೋದಳು. ರಂಗಸ್ವಾಮಿ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡರು. ಕೊಳ್ಳೇಗಾಲದಲ್ಲಿ ನಾವು ಪೇಟೆಗೆ ಹೋದರೆ ಅವರು ಮುಂದೆ, ನಾನು ಹಿಂದೆ, ನಡುವೆ ಒಂದು ಎತ್ತಿನಗಾಡಿ ತೂರುವಷ್ಟು ಜಾಗ. ಮದುವೆಯಾದ ಮೇಲೆ ನಾಲ್ಕು ಜನರ ಎದುರು ಅವರು ಮೊದಲ ಸಲ ನನ್ನ ಕೈ ಹಿಡಿದದ್ದು ಪ್ರಾಣಭಯಕ್ಕೆ. ಆಚೆ ದಡ ಸೇರಿದ ಮೇಲೂ ಬಿಡಲಿಲ್ಲ. ನಾನೂ ನೆನಪು ಮಾಡಲಿಲ್ಲ.

ಒಂದು ವಿಷಯ ಮಾತ್ರ ನನಗೆ ಹಿಡಿಸಲಿಲ್ಲ. ಎಲ್ಲಿ ಹೋದರೂ ಅವರು ಫೋನು ಎತ್ತಿ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತಿದ್ದರು. ಸಮುದ್ರ, ಸ್ಕೂಟರು, ಹಂಸ, ಎಲ್ಲವೂ. ಹಾಕಿ ಮುಗಿಸಿದ ಮೇಲೆ ಯಾರು ಯಾರು ನೋಡಿದರೆಂದು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದರು. ಮೊದಲು ಜಂಬ ಎಂದುಕೊಂಡೆ. ಆಮೇಲೆ ಬಗ್ಗಿ ನೋಡಿದೆ. ನೋಡಿದವರ ಹೆಸರುಗಳನ್ನು ಬೆರಳಿನಿಂದ ತಳ್ಳುತ್ತಾ ಹೋಗಿ, ರಮ್ಯಾ ಎಂಬ ಹೆಸರು ಬಂದ ಕೂಡಲೇ ಫೋನು ಆರಿಸಿ ಜೇಬಿಗಿಟ್ಟುಕೊಂಡರು.

ಹೊಯಿ ಆನ್

ಹೊಯಿ ಆನ್ ಹಳೇ ಬಂದರಿನ ಊರು. ಹಳದಿ ಗೋಡೆ, ಬೀದಿಯ ತುಂಬ ಬಣ್ಣಬಣ್ಣದ ಗೂಡುದೀಪ. ಟೂರ್ ಬಸ್ಸಿನಲ್ಲಿ ನಮ್ಮ ಜೊತೆ ಬಂದಿದ್ದ ಹೊಸ ಜೋಡಿಗಳೆಲ್ಲ ದೀಪದ ಕೆಳಗೆ ತಲೆಗೆ ತಲೆ ತಾಗಿಸಿ ಫೋಟೋ ತೆಗೆಸಿಕೊಂಡರು. ನನಗೆ ಬೆಳಗಿನಿಂದ ಟೀ ಸಿಕ್ಕಿರಲಿಲ್ಲ, ತಲೆ ಸಿಡಿಯುತ್ತಿತ್ತು. ಈ ದೇಶದಲ್ಲಿ ಕಾಫಿ ಬೀದಿ ಬೀದಿಯಲ್ಲಿದೆ, ಹಾಲು ಸಕ್ಕರೆ ಹಾಕಿ ಕುದಿಸಿದ ನಮ್ಮ ಟೀ ಮಾತ್ರ ಇಲ್ಲ.

ಆಗ ರಂಗಸ್ವಾಮಿ ಒಂದು ಬೋರ್ಡು ಓದಿದರು. ಇಂಗ್ಲಿಷ್ ಅಕ್ಷರದಲ್ಲಿ 'ಚಾಯ್' ಎಂದು ಬರೆದಿತ್ತು.

"ಬನ್ನಿ ಸಿಸ್ಟ್ರೇ, ಸಿಕ್ತು" ಎಂದು ನುಗ್ಗಿದರು. ಎರಡು ಬೆರಳು ತೋರಿಸಿ "ಚಾಯ್, ಚಾಯ್" ಎಂದರು. ಅಂಗಡಿಯ ಹೆಂಗಸು ಸಂತೋಷದಿಂದ ತಲೆಯಾಡಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎರಡು ದೊಡ್ಡ ಬಟ್ಟಲು ಬಂದವು. ಅದರಲ್ಲಿ ಅಕ್ಕಿಯ ಶಾವಿಗೆ, ಅಣಬೆ, ಸೊಪ್ಪು, ಮೆತ್ತಗಿನ ಬಿಳಿ ತುಂಡು.

"ಟೀ ಇಂಗಿರ್ತದ?" ಎಂದು ರಂಗಸ್ವಾಮಿ ಬಟ್ಟಲನ್ನು ತಿರುಗಿಸಿ ನೋಡಿದರು.

ಪಕ್ಕದ ಮೇಜಿನಲ್ಲಿದ್ದ ಇಂಗ್ಲಿಷ್ ಬಲ್ಲವನೊಬ್ಬ ವಿವರಿಸಿದ. ಚಾಯ್ ಎಂದರೆ ಅವರ ಭಾಷೆಯಲ್ಲಿ ಮಾಂಸವಿಲ್ಲದ ಊಟ. ಅಮಾವಾಸ್ಯೆ ಹುಣ್ಣಿಮೆಗೆ ಇಲ್ಲಿಯೂ ಬಹಳ ಜನ ಅದನ್ನೇ ತಿನ್ನುತ್ತಾರಂತೆ. ಅವತ್ತು ಸೋಮವಾರ ಎಂದು ನನಗೆ ಆಗ ಹೊಳೆಯಿತು. ಟೀಗಾಗಿ ಪರದಾಡುತ್ತಾ ನಾನು ಮರೆತಿದ್ದೆ, ಮಾದಪ್ಪ ಮರೆತಿರಲಿಲ್ಲ. ಬಟ್ಟಲು ಬರಿದು ಮಾಡಿ, ಇನ್ನೊಂದು ಹಾಕಿಸಿಕೊಂಡು ತಿಂದೆ. ತಲೆನೋವು ಹೋಗಲಿಲ್ಲ. ದೇವರು ಊಟಕ್ಕೆ ಮಾತ್ರ ಜವಾಬ್ದಾರಿ ತೆಗೆದುಕೊಂಡಿದ್ದ.

ಬುಟ್ಟಿ ದೋಣಿ

ಮರುದಿನ ಊರಾಚೆಯ ಒಂದು ಹಳ್ಳಿಗೆ ಕರೆದೊಯ್ದರು. ಸಮುದ್ರ ಸೇರುವ ಹೊಳೆ, ನೀರಿನಲ್ಲೇ ನಿಂತ ಕುಳ್ಳ ತೆಂಗಿನಂಥ ಗಿಡಗಳು. ಅಲ್ಲಿನ ದೋಣಿ ಥೇಟು ನಮ್ಮ ಕಾವೇರಿಯ ತೆಪ್ಪ. ಬಿದಿರಿನ ದುಂಡು ಬುಟ್ಟಿ, ನೀರು ಒಳಗೆ ಇಳಿಯದಂತೆ ಹೊರಗೆ ಅಂಟು ಬಳಿದಿದ್ದಾರೆ. ಅಷ್ಟು ದೂರ ಹಾರಿ ಹೋಗಿ, ಹೊಗೇನಕಲ್ಲಿನಲ್ಲಿ ಸಿಗುವುದರಲ್ಲೇ ಕೂತೆವಲ್ಲ ಎಂದು ನನಗೆ ನಗು. ರಂಗಸ್ವಾಮಿಗೆ ಮಾತ್ರ ಹೆಮ್ಮೆ. "ಇದು ನಮ್ಗೆ ಗೊತ್ತಿರೋದೆಯ" ಎಂದು ದೋಣಿ ನಡೆಸುವ ಹೆಂಗಸಿಗೆ ಕನ್ನಡದಲ್ಲಿ ತಿಳಿಸಿದರು.

ಅವಳು ತಲೆಯ ಮೇಲೆ ಚೂಪು ಟೋಪಿ ಇಟ್ಟುಕೊಂಡ ಗಟ್ಟಿಗಿತ್ತಿ. ಹೊಳೆಯ ನಡುವೆ ಬಂದದ್ದೇ, ದಡದಲ್ಲಿ ಯಾರೋ ಜೋರಾಗಿ ಹಾಡು ಹಾಕಿದರು. ಅವಳು ಹುಟ್ಟು ಹಾಕಿ ಬುಟ್ಟಿಯನ್ನು ಗಿರಗಿರನೆ ತಿರುಗಿಸತೊಡಗಿದಳು. ಅದೇ ಅಲ್ಲಿನ ಆಟವಂತೆ. ರಂಗಸ್ವಾಮಿ ವಿಡಿಯೊ ತೆಗೆಯಲೆಂದು ಫೋನನ್ನು ಕೈ ಚಾಚಿ ಹಿಡಿದಿದ್ದರು. ಬುಟ್ಟಿ ಒಂದು ಕಡೆ ತಿರುಗಿತು, ಫೋನು ಇನ್ನೊಂದು ಕಡೆ ಹಾರಿ ಗುಳಕ್ಕೆಂದಿತು.

ಮೊದಲು ನಕ್ಕವಳು ದೋಣಿಯವಳು. ನಾನು ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ.

"ನಗ್ತೀಯಲ್ಲ ನೀನು" ಎಂದರು ರಂಗಸ್ವಾಮಿ.

ಮದುವೆಗೆ ಮುಂಚೆ, ಮದುವೆಯಾದ ಮೇಲೆ, ಯಾವತ್ತೂ ಅವರು ನನಗೆ ನೀನು ಅಂದಿರಲಿಲ್ಲ. ಒಳಗೊಳಗೆ ಒಂದು ಚೂರು ಸಂತೋಷವಾಯಿತು ಎಂದರೆ ನಂಬುತ್ತೀರೋ ಇಲ್ಲವೋ. ಸಂತೋಷ ಬಹಳ ಹೊತ್ತು ಉಳಿಯಲಿಲ್ಲ.

"ಓದ್ರೆ ಓಯ್ತು ಬುಡಿ, ಇನ್ನೊಂದ್ ತಕಂಡ್ರಾಯ್ತು" ಎಂದೆ.

"ಅದಲ್ಲ ಕಣ. ಮಗ ನೋಡ್ತಿತ್ತು ಅದ್ರಲ್ಲಿ."

ನಮ್ಮ ಕಡೆ ಮಗಳನ್ನೂ ಮಗ ಎಂದೇ ಕರೆಯುವುದು. ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ನರ್ಸುಗಳಿಗೆ ಗಾಯ ಕಂಡರೆ ಒತ್ತಿ ನೋಡುವ ಚಟ. "ನೋಡ್ತಾಳೆ, ಸರಿ. ಒಂದ್ ದಿನ ಚೆನ್ನಾಗಿದ್ದಿಯಾ ಅಪ್ಪ ಅಂತ ಕೇಳವ್ಳ?" ಎಂದುಬಿಟ್ಟೆ.

ಅವರು ತಲೆ ತಗ್ಗಿಸಿ ನೀರನ್ನೇ ನೋಡುತ್ತಾ ಕೂತರು. ದೋಣಿಯವಳು ನಮ್ಮ ಮುಖಗಳನ್ನು ನೋಡಿ ಬುಟ್ಟಿ ತಿರುಗಿಸುವುದನ್ನು ನಿಲ್ಲಿಸಿದಳು. ದಡ ಸೇರುವವರೆಗೆ ಬಹಳ ಮರ್ಯಾದೆಯಿಂದ, ನೇರವಾಗಿ ನಡೆಸಿದಳು. ಅವತ್ತು ಹೋಟೆಲಿಗೆ ಬಂದ ಮೇಲೆ, ಹೊಸ ಜೋಡಿಗಳಿಗೆಂದು ಇಟ್ಟಿದ್ದ ಹಣ್ಣಿನ ತಟ್ಟೆಯನ್ನು ಅವರು ಅರ್ಧ, ನಾನು ಅರ್ಧ, ಬೇರೆ ಬೇರೆ ಕುರ್ಚಿಯಲ್ಲಿ ಕೂತು ತಿಂದೆವು.

ರೈಲಿನಲ್ಲಿ

ಮುಂದಿನ ಊರು ಕ್ವಿ ನ್ಯೋನ್. ಅಲ್ಲಿಗೆ ಹಗಲು ರೈಲು. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಭತ್ತದ ಗದ್ದೆ. ಗದ್ದೆಯ ನಡುವೆ ಗೋರಿಗಳು, ಗೋರಿಯ ಪಕ್ಕದಲ್ಲೇ ಎಮ್ಮೆ ಮೇಯುತ್ತದೆ. ತೋರಿಸೋಣವೆಂದರೆ ಪಕ್ಕದವರು ಮಾತಾಡುತ್ತಿಲ್ಲ. ಅವರು ಖಾಲಿ ಜೇಬನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಎದುರು ಸೀಟಿನಲ್ಲಿ ನಮ್ಮ ವಯಸ್ಸಿನ ಒಬ್ಬ ಹೆಂಗಸು. ಹೂವಿನ ಚಿತ್ರದ ಪೈಜಾಮ, ಅದೇ ಬಟ್ಟೆಯ ಅಂಗಿ. ನಮ್ಮೂರಿನಲ್ಲಿ ನೈಟಿ ಹೇಗೋ ಇಲ್ಲಿ ಅದು ಹಾಗೆ, ಸಂತೆಗೂ ಅದೇ, ರೈಲಿಗೂ ಅದೇ. ಹೆಸರು ಲಾನ್ ಎಂದಳು. ಬಾಳೆ ಎಲೆಯಲ್ಲಿ ಕಟ್ಟಿದ ಅಂಟಂಟು ಅನ್ನ, ಮೇಲೆ ಕಡಲೆಬೀಜದ ಪುಡಿ, ನಮಗೂ ಕೊಟ್ಟಳು. ಆಮೇಲೆ ನನ್ನ ಫೋನಿನ ಕಡೆ ಕೈ ತೋರಿದಳು. ನನ್ನ ಫೋನಿನಲ್ಲಿ ಅವರ ಭಾಷೆಯನ್ನು ಕೇಳಿ ಕನ್ನಡದಲ್ಲಿ ಹೇಳುವ ಒಂದು ಆಪ್ ಇತ್ತು. ಅವಳು ಮಾತಾಡಿದಳು. ಫೋನು ಸರ್ಕಾರಿ ಕಚೇರಿಯ ಪ್ರಕಟಣೆಯ ಧ್ವನಿಯಲ್ಲಿ ಇಡೀ ಬೋಗಿಗೆ ಕೇಳುವಂತೆ ಹೇಳಿತು:

"ನಿಮ್ಮ ಅಣ್ಣ ಏಕೆ ಕೋಪಗೊಂಡಿದ್ದಾರೆ?"

ನಾನು ರಂಗಸ್ವಾಮಿಯನ್ನು ನೋಡಿದೆ. ಅವರು ಕಿಟಕಿಯನ್ನು ನೋಡಿದರು.

"ಇವರು ನನ್ನ ಅಣ್ಣ ಅಲ್ಲ, ಗಂಡ" ಎಂದು ಫೋನಿಗೆ ಹೇಳಿದೆ. ಅದು ಲಾನ್‌ಗೆ ತಿಳಿಸಿತು. ಲಾನ್ ತೊಡೆ ತಟ್ಟಿಕೊಂಡು ನಕ್ಕಳು. ಗಂಡ ಎಂದೇ ಅವಳೂ ಕೇಳಿದ್ದಂತೆ. ಆ ದೇಶದಲ್ಲಿ ಹೆಂಡತಿ ಗಂಡನನ್ನು 'ಆನ್' ಎನ್ನುತ್ತಾಳೆ, ಎಂದರೆ ಅಣ್ಣ. ಗಂಡ ಹೆಂಡತಿಯನ್ನು 'ಎಮ್' ಎನ್ನುತ್ತಾನೆ, ಎಂದರೆ ತಂಗಿ. ಯಾರನ್ನು ಮಾತಾಡಿಸಬೇಕಾದರೂ ಮೊದಲು ವಯಸ್ಸು ಕೇಳಿ, ಅಕ್ಕನೋ ತಂಗಿಯೋ ಅತ್ತೆಯೋ ಎಂದು ಗೊತ್ತು ಮಾಡಿಕೊಳ್ಳುತ್ತಾರೆ. ಹಾಗಾಗಿ ನನ್ನ ವಯಸ್ಸು ಕೇಳಿದಳು. ಅವರದೂ ಕೇಳಿದಳು.

ಇಲ್ಲೊಂದು ತೊಡಕಿತ್ತು. ನಾನು ರಂಗಸ್ವಾಮಿಗಿಂತ ದೊಡ್ಡವಳು. ಕೊಳ್ಳೇಗಾಲದಲ್ಲಿ ಯಾರಿಗೂ ಹೇಳಿಲ್ಲ. ಪರದೇಶದ ರೈಲಲ್ಲವೇ ಎಂದು ಇದ್ದದ್ದು ಇದ್ದಂತೆ ಹೇಳಿದೆ. ಲಾನ್‌ಗೆ ಗೊಂದಲವಾಗಿ, ಆಚೆ ಸಾಲಿನ ಮುದುಕನನ್ನು ಕೇಳಿದಳು. ಆತ ಹಿಂದಿನ ಸೀಟಿನವರನ್ನು ಕೇಳಿದ. ಪಂಚಾಯಿತಿ ಸ್ವಲ್ಪ ಹೊತ್ತು ನಡೆಯಿತು. ತೀರ್ಪನ್ನು ನನ್ನ ಫೋನೇ ಓದಿತು: "ಹೆಂಡತಿ ಹಿರಿಯಳಾದರೂ ಗಂಡನೇ ಅಣ್ಣ." ತಾಳಿ ಕಟ್ಟಿದ ಕ್ಷಣವೇ ಗಂಡಸಿಗೆ ವಯಸ್ಸು ಏರಿಬಿಡುವ ದೇಶ ನಮ್ಮದೊಂದೇ ಅಲ್ಲ ಎಂದು ಗೊತ್ತಾಯಿತು.

ರಂಗಸ್ವಾಮಿಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೇನೋ ಎಂದು ಬಗ್ಗಿ ನೋಡಿದರೆ ನಗು. "ನಾನು ಸಿಸ್ಟ್ರೇ ಅನ್ನದು ಇಲ್ಲಿ ಸರ್ಯಾಗೇ ಅದೆ ಕಣ್ರಿ" ಎಂದರು. ಬಹುವಚನ ವಾಪಸು ಬಂದಿತ್ತು.

ಲಾನ್ ಮುಂದಿನ ಪ್ರಶ್ನೆ ಕೇಳಿದಳು. ಮಕ್ಕಳೆಷ್ಟು? ನಾನು ಉತ್ತರ ಹುಡುಕುವ ಮೊದಲೇ ರಂಗಸ್ವಾಮಿ ಒಂದು ಬೆರಳು ಎತ್ತಿದರು. ಫೋಟೋ ತೋರಿಸಿ ಎಂದಳು. ಅವರು ಯಾವತ್ತೋ ನನಗೆ ಕಳಿಸಿದ್ದ ರಮ್ಯಾಳ ಮದುವೆ ಫೋಟೋ ನನ್ನ ಫೋನಿನಲ್ಲಿತ್ತು, ತೆಗೆದುಕೊಟ್ಟೆ. ಲಾನ್ ಫೋಟೋ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. ಫೋನು ಸಾರಿತು: "ಮಗಳಿಗೆ ತಾಯಿಯ ಮೂಗು ಬಂದಿದೆ."

ರೈಲು ಒಂದು ಸುರಂಗ ಹೊಕ್ಕು ಹೊರಬಂತು.

"ಮೂಗು ಅವ್ರವ್ವಂದೆಯ" ಎಂದರು ರಂಗಸ್ವಾಮಿ, ಮೆಲ್ಲಗೆ. ತೀರಿಹೋದ ಹೆಂಡತಿಯ ಬಗ್ಗೆ ನನ್ನೆದುರು ಅವರು ಆಡಿದ ಮೊದಲ ಮಾತು ಅದು.

"ಅಂಗಾರೆ ನನ್ ಮೂಗು ನೋಡ್ಕಂಡೇ ಮೋಟಾರ್ ರಿಪೇರಿಗೆ ಬತ್ತಿದ್ರ ನೀವು?" ಎಂದೆ.

ಅವರು ಜೋರಾಗಿ ನಕ್ಕರು. ಲಾನ್‌ಗೆ ಏನೂ ಅರ್ಥವಾಗದೆ ಅವಳೂ ನಕ್ಕಳು. ಆಮೇಲೆ ಇಳಿಯುವವರೆಗೂ ಅವರು ಆ ಹೆಂಡತಿಯ ವಿಷಯ ಹೇಳುತ್ತಲೇ ಇದ್ದರು. ಆಕೆಗೆ ಹಲಸಿನ ಹಣ್ಣೆಂದರೆ ಪ್ರಾಣ, ಬಸ್ಸು ಹತ್ತಿದರೆ ವಾಂತಿ. ಕೇಳುತ್ತಾ ಕೇಳುತ್ತಾ ನನಗೆ ಆಕೆ ಗುರುತಿನವಳಂತೆಯೇ ಆದಳು.

ಕ್ವಿ ನ್ಯೋನ್

ಇಲ್ಲಿನ ಜನಕ್ಕೆ ಬಿಸಿಲೆಂದರೆ ಆಗದು. ಹಗಲೆಲ್ಲ ಮರಳ ಮೇಲೆ ಬಿಳಿಯರು ಮಾತ್ರ ಒಣಗಲು ಬಿದ್ದಿರುತ್ತಾರೆ. ಬಿಸಿಲು ಇಳಿದದ್ದೇ ಊರಿಗೆ ಊರೇ ನೀರಿಗೆ ಬರುತ್ತದೆ. ಮುದುಕರು ಕತ್ತಿನ ಮಟ್ಟದ ನೀರಿನಲ್ಲಿ ದುಂಡಗೆ ನಿಂತು ಹರಟುತ್ತಾರೆ. ನಮ್ಮ ಕಡೆ ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ನಿಲ್ಲುತ್ತಾರಲ್ಲ, ಹಾಗೆಯೇ. ತಲೆಗಳು ಮಾತ್ರ ಕಾಣುತ್ತವೆ, ಅಲೆ ಬಂದಾಗ ಎಲ್ಲ ತಲೆಗಳೂ ಒಟ್ಟಿಗೆ ಮೇಲೇರಿ ಒಟ್ಟಿಗೆ ಇಳಿಯುತ್ತವೆ.

ರಂಗಸ್ವಾಮಿ ಪಟ್ಟೆ ಚಡ್ಡಿಯಲ್ಲಿ ಇಳಿದು, ನೇರವಾಗಿ ಆ ಗುಂಪಿಗೆ ಸೇರಿಕೊಂಡರು. ಭಾಷೆ ಬಾರದಿದ್ದರೂ ತಲೆಯಾಡಿಸುತ್ತಿದ್ದರು, ನಡುವೆ ಕೈ ಎತ್ತಿ ಏನೋ ವಿವರಿಸುತ್ತಲೂ ಇದ್ದರು, ಬಹುಶಃ ಮೋಟಾರು. ನಾನು ಚೂಡಿದಾರವನ್ನು ಮೊಣಕಾಲಿನವರೆಗೆ ಮಡಚಿ, ಅಲೆಗೆ ಕಾಲು ಕೊಟ್ಟು, ಈ ಸಲ ಸಮುದ್ರದ ಕಡೆಗೇ ಮುಖ ಮಾಡಿ ನಿಂತಿದ್ದೆ.

ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

"ನಮ್ಮಪ್ಪ ಎಲ್ಲವ್ರೆ?" ಹೆಣ್ಣು ದನಿ. ಅಲೋ ಇಲ್ಲ, ಹೆಸರಿಲ್ಲ.

ನನಗೆ ಗೊತ್ತಾಯಿತು. ಗಾಬರಿಗೆ ಬಾಯಿಗೆ ಬಂದದ್ದು ಹೇಳಿದೆ. "ಸಮುದ್ರದಲ್ಲವ್ರೆ."

ಆ ಕಡೆ "ಅಪ್ಪಾ" ಎಂದು ಅಳು ಶುರುವಾಯಿತು. ಆಗ ನಾನು ಏನಂದೆ ಎಂಬುದು ನನ್ನ ತಲೆಗೆ ಹತ್ತಿತು.

"ಅಯ್ಯೋ, ಬದುಕವ್ರೆ ಕಣವ್ವ. ಈಜಾಡ್ತಾ ಅವ್ರೆ. ಚೆನ್ನಾಗವ್ರೆ."

ಅಳು ನಿಲ್ಲಲು ಹೊತ್ತು ಹಿಡಿಯಿತು. ನಿಂತದ್ದೇ ಬೈಗುಳ ಬಂತು. "ಮತ್ತೆ ಸ್ಟೇಟಸ್ ಯಾಕ್ ಹಾಕ್ತಿಲ್ಲ? ಫೋನ್ ಮಾಡುದ್ರೆ ಸ್ವಿಚ್ ಆಫು. ಏನಂತ ತಿಳ್ಕಬೇಕು ನಾವು? ಚಿಕ್ಕಪ್ಪನ ಕಾಲ್ ಕಟ್ಟಿ ನಿಮ್ ನಂಬರ್ ಇಸ್ಕಂಡೆ."

ಫೋನು ಹೊಳೆಗೆ ಬಿದ್ದ ಕಥೆ ಹೇಳಿದೆ. ನಾನು ನಕ್ಕದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ವಿಡಿಯೊ ಹಾಕಲೇ ಎಂದು ಕೇಳಿದೆ. ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲೂ ಇಲ್ಲ. ಹಾಕಿದೆ. ಒಂದು ಗಳಿಗೆ ಅವಳ ಮುಖ ಕಂಡಿತು, ಅತ್ತು ಕೆಂಪಗಾದ ಮೂಗು. ಫೋನನ್ನು ಸಮುದ್ರದ ಕಡೆ ತಿರುಗಿಸಿದೆ.

"ಇವ್ರೇ, ಬನ್ನಿ ಇಲ್ಲಿ, ನಿಮ್ ಮಗಳು" ಎಂದು ಕೂಗಿದೆ. ಅವರು ಮುದುಕರ ನಡುವಿನಿಂದ ನನ್ನ ಕಡೆ ಕೈ ಬೀಸಿ, ಮತ್ತೆ ಮಾತಿಗೆ ತಿರುಗಿದರು.

"ಕೇಳ್ಸದಿಲ್ಲ ಅವ್ರಿಗೆ" ಎಂದಳು ರಮ್ಯಾ. "ಕಿವಿಗೆ ನೀರು ಓಗಿರ್ತದೆ. ಯಾವಾಗ್ಲೂ ಇದೇಯ. ಕೆರೇಲಿ ಈಜಿ ಬಂದ್ರೆ ಎರಡ್ ದಿನ ಕಿವುಡು." ಮೂಗೆಳೆದುಕೊಂಡ ಸದ್ದು ಬಂತು. "ಮಲಗೋ ಮುಂಚೆ ಕೊಬ್ರಿ ಎಣ್ಣೆ ಬೆಚ್ಚಗೆ ಮಾಡಿ ಎರಡ್ ತೊಟ್ಟು ಬುಡಿ. ನಮ್ಮವ್ವ ಅಂಗೇ ಮಾಡ್ತಿದ್ರು."

ಕಿವಿಗೆ ಎಣ್ಣೆ ಬಿಡಬೇಡಿ ಎಂದು ಇಷ್ಟು ವರ್ಷ ಎಷ್ಟು ಜನಕ್ಕೆ ಬೈದಿದ್ದೇನೋ ಲೆಕ್ಕವಿಲ್ಲ. "ಆಯ್ತು ಕಣವ್ವ" ಎಂದೆ.

"ಅಲ್ಲಿಗೇ ಓಗಿ ಕರ್ಕ ಬರ್ಲಾ?" ಎಂದು ಕೇಳಿದೆ.

"ಬ್ಯಾಡಿ, ಆಡ್ಲಿ" ಎಂದಳು. ಆಮೇಲೆ, ಅಷ್ಟು ಮೆಲ್ಲಗೆ ಎಂದರೆ ಅಲೆಯ ಸದ್ದಿನಲ್ಲಿ ನಾನು ಫೋನನ್ನು ಕಿವಿಯ ಹತ್ತಿರ ತಂದು ಕೇಳಬೇಕಾಯಿತು, "ಇನ್ನೊಂದ್ ವಸಿ ಒತ್ತು ಅಂಗೇ ಇಡ್ಕಳಿ."

ಮತ್ತೆ ಚಾಚಿ ಹಿಡಿದೆ. ದೊಡ್ಡ ಅಲೆಯೊಂದು ಬಂತು, ತಲೆಗಳೆಲ್ಲ ಮೇಲೇರಿದವು. ಅದರಲ್ಲಿ ಬೋಳು ತಲೆ ಅವಳ ಅಪ್ಪನದು ಎಂದು ಹೇಳಬೇಕಾಗಿರಲಿಲ್ಲ. ಅವಳು ಫೋನು ಇಡಲಿಲ್ಲ. ನನ್ನ ತೋಳು ಸೋತಿತು. ಇನ್ನೊಂದು ಕೈಗೆ ಬದಲಾಯಿಸಿ ಹಿಡಿದುಕೊಂಡೆ.